ನಾಲೆ ಕಟ್ಟಿದ ಪೇಟೆ

ಶ್ರೀರಂಗಪಟ್ಟಣದಲ್ಲಿ ಕೋಟೆಯುಂಟು, ಮೇಲುಕೋಟೆಯಲ್ಲಿ ಕಲ್ಯಾಣಿಯುಂಟು, ನಾಗಮಂಗಲದಲ್ಲಿ ಹೊಯ್ಸಳರ ಗುಡಿಯುಂಟು. ಆದರೆ ಈ ಮೂರನ್ನೂ ತನ್ನ ಜಿಲ್ಲೆಯೊಳಗೆ ಇರಿಸಿಕೊಂಡಿರುವ ಮಂಡ್ಯ ಪಟ್ಟಣವನ್ನೇ ನೋಡಬೇಕೆಂದು ಯಾತ್ರಿಕನೊಬ್ಬನು ರೈಲಿನಿಂದ ಇಳಿಯುವುದು ವಿರಳ. ವಿಜಯನಗರದ ಕೃಷ್ಣದೇವರಾಯನು 1516ರಲ್ಲಿ ಈ ಊರನ್ನು ತನ್ನ ಗುರುವಾದ ಗೋವಿಂದರಾಜನಿಗೆ ಅಗ್ರಹಾರವಾಗಿ ಕೊಟ್ಟನೆಂಬುದು ನಿಜ. ಜನಾರ್ದನಸ್ವಾಮಿ, ಸಕಲೇಶ್ವರರ ದೇಗುಲಗಳು ಆ ಪ್ರಾಚೀನತೆಗೆ ಸಾಕ್ಷಿಯಾಗಿರುವುದೂ ನಿಜ. ಆದರೂ ಇಂದು ನಾವು ಮಂಡ್ಯವೆಂದು ತಿಳಿದಿರುವ ಊರು, ಅಂದರೆ ಮಂಡಿಗಳ, ಗಿರಣಿಗಳ, ಕಬ್ಬಿನ ಗಾಡಿಗಳ, ಬೆಲ್ಲದ ಗಮಲಿನ ಊರು, ಅಗ್ರಹಾರದ ಸಂತತಿಯಲ್ಲ. ಅದು ನಾಲೆಯ ಸಂತತಿ. ಆ ನಾಲೆಗೆ ಇನ್ನೂ ನೂರು ವರ್ಷವಾಗಿಲ್ಲ.

ನಾಲೆಯ ಮುನ್ನಿನ ಕಾಲದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಹುಭಾಗವು ಮುಗಿಲನ್ನು ನೆಚ್ಚಿದ ಹೊಲವಾಗಿದ್ದಿತು. ಕೆರೆಯ ಹಿಂದೆ ಒಂದಿಷ್ಟು ಗದ್ದೆ, ಉಳಿದುದೆಲ್ಲ ರಾಗಿ ಮತ್ತು ಹುರುಳಿ. ಕಾವೇರಿಯು ಸಮೀಪದಲ್ಲಿಯೇ ಹರಿಯುತ್ತಿದ್ದರೂ ಅದರ ಪ್ರಯೋಜನವು ಈ ಸೀಮೆಗೆ ಒದಗಿರಲಿಲ್ಲ. ಏಕೆಂದರೆ ಕಂಠೀರವ ನರಸರಾಜ ಒಡೆಯರೂ ಚಿಕ್ಕದೇವರಾಜ ಒಡೆಯರೂ ಹದಿನೇಳನೆಯ ಶತಮಾನದಲ್ಲಿ ತೆಗೆಸಿದ ನಾಲೆಗಳು ನದಿಯ ಮಗ್ಗುಲಿನ ತಗ್ಗುಭೂಮಿಗೆ ಮಾತ್ರ ನೀರುಣಿಸುತ್ತಿದ್ದುವು. ಏರಿನಾಚೆಯ ಎತ್ತರದ ನೆಲಕ್ಕೆ ನೀರನ್ನು ಕೊಂಡೊಯ್ಯಬೇಕಾದರೆ ಮೊದಲು ನದಿಯನ್ನೇ ಎತ್ತರಿಸಬೇಕಾಗಿದ್ದಿತು. ಅದನ್ನು ಸಾಧಿಸಿದ್ದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ. ಕಟ್ಟೆ ಏಳುತ್ತಿದ್ದರೂ ಮದರಾಸಿನೊಡನೆ ಜಲವ್ಯಾಜ್ಯವು ತೀರದೆ ನಾಲೆ ತೋಡುವಂತಿರಲಿಲ್ಲ. 1924ರ ಒಪ್ಪಂದವು ಕೃಷ್ಣರಾಜಸಾಗರದ ಕೆಳಗೆ 1,25,000 ಎಕರೆಯ ಹೊಸ ನೀರಾವರಿಗೆ ಮೈಸೂರಿಗೆ ಹಕ್ಕನ್ನು ಕೊಟ್ಟ ಬಳಿಕವೇ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಕಾಮಗಾರಿ ಭರದಿಂದ ಸಾಗಿತು. ದಾರಿಗೆ ಅಡ್ಡವಾಗಿದ್ದ ಹುಲಿಕೆರೆಯ ದಿಣ್ಣೆಯನ್ನು ಬಳಸಿಹೋಗದೆ ಅದರ ಒಡಲನ್ನೇ ಕೊರೆದು, ಸುಮಾರು ಒಂದೂ ಮುಕ್ಕಾಲು ಮೈಲಿಯ ಸುರಂಗದೊಳಗೆ ನೀರನ್ನು ಹರಿಯಿಸಿದರು. ಆಗಿನ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆಯೆನಿಸಿದ್ದ ಇದು ಈಗ ವಿಶ್ವೇಶ್ವರಯ್ಯ ನಾಲೆ. ರೈತರ ಬಾಯಲ್ಲಿ ಬರಿಯ ವಿ.ಸಿ. ನಾಲೆ.

ನೀರು ಬಂದೊಡನೆ ಬಂದದ್ದು ಸಂಪತ್ತು ಮಾತ್ರವೆಂದು ಭಾವಿಸುವುದು ಇತಿಹಾಸಕ್ಕೆ ಅಪಚಾರ. ನೀರಿನೊಡನೆ ಸೊಳ್ಳೆಯೂ ಬಂದಿತು. ಚಳಿಜ್ವರವು ಹಳ್ಳಿಹಳ್ಳಿಗಳನ್ನು ಹಾಸಿಗೆ ಹಿಡಿಸಿತು. ಮೈಸೂರು ಸರಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಈ ಪ್ರಾಂತದಲ್ಲಿ ಮಲೇರಿಯಾದ ಅಧ್ಯಯನವನ್ನೂ ನಿವಾರಣೆಯನ್ನೂ ಕೈಗೊಳ್ಳಬೇಕಾಯಿತು. ಭೂಮಿಯನ್ನು ಭಾಗ ಮಾಡಿ, ಕಬ್ಬು, ಭತ್ತ, ಅರೆನೀರಾವರಿಯ ಪೈರುಗಳನ್ನು ಮೂರು ವರ್ಷದ ಸರದಿಯಂತೆ ಬೆಳೆಯತಕ್ಕದ್ದೆಂಬ ಬ್ಲಾಕ್ ಪದ್ಧತಿಯು ಬಂದುದು ಎಲ್ಲರಿಗೂ ನೀರು ದಕ್ಕಲೆಂದು. ಮಳೆಯೊಬ್ಬನನ್ನೇ ಯಜಮಾನನೆಂದು ಬಲ್ಲ ಒಕ್ಕಲಿಗನಿಗೆ ನೀರಗಂಟಿ, ಓವರ್‌ಸಿಯರ್, ಇಂಜಿನಿಯರು ಎಂಬ ಹೊಸ ಯಜಮಾನರ ಪರಿಚಯವಾದುದೂ ಆಗಲೇ.

ಕಬ್ಬು ಈ ನಾಡಿಗೆ ಹೊಸತಲ್ಲ. ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳು ಹಳೆಯ ನಾಲೆಗಳ ಕೆಳಗೆ ಮೊದಲಿಂದಲೂ ಇದ್ದುವು. ಆದರೆ ಕೆನಡಾ ದೇಶದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ನರು ಕಬ್ಬನ್ನೂ ಕಾರ್ಖಾನೆಯನ್ನೂ ಒಂದೇ ಯೋಜನೆಯ ಎರಡು ಕೊನೆಗಳೆಂದು ಕಂಡರು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಈ ಎರಡು ಇಸವಿಗಳ ಅಂತರದಲ್ಲಿಯೇ ಮಂಡ್ಯವು ಹಳ್ಳಿಯ ಲಕ್ಷಣವನ್ನು ತೊರೆದು ಪೇಟೆಯ ಲಕ್ಷಣವನ್ನು ತಾಳಿತೆಂದರೆ ತಪ್ಪಾಗಲಾರದು.

ಕಾರ್ಖಾನೆಯ ಚಿಮಣಿಯನ್ನು ಎಲ್ಲರೂ ಕಂಡರು. ಪೇಟೆಯನ್ನು ನಿಜವಾಗಿ ಪೋಷಿಸಿದ ಆಲೆಮನೆಯನ್ನು ಹೊರಗಿನವರು ಅಷ್ಟಾಗಿ ಕಾಣಲಿಲ್ಲ. ಕಾರ್ಖಾನೆಯು ಕಬ್ಬು ಕಡಿಯುವ ದಿನವನ್ನೂ ಬೆಲೆಯನ್ನೂ ತಾನೇ ಗೊತ್ತುಮಾಡಿ ಹಣವನ್ನು ತನ್ನ ಅನುಕೂಲದಂತೆ ಕೊಡುವುದಾದರೆ, ಆಲೆಮನೆಯು ರೈತನ ಹೊಲದ ಬದಿಯಲ್ಲಿಯೇ ಇದ್ದು, ಇಂದು ಕಡಿದ ಕಬ್ಬನ್ನು ನಾಳೆಗೆ ಬೆಲ್ಲವಾಗಿಸಿ, ನಾಡಿದ್ದು ಮಂಡಿಯಲ್ಲಿ ಹಣವಾಗಿಸಬಲ್ಲದು. ಮೊದಲು ಎತ್ತು ಸುತ್ತುತ್ತಿದ್ದ ಗಾಣ, ಆಮೇಲೆ ಎಂಜಿನ್ನಿನದು, ಈಗ ಕರೆಂಟಿನದು. ಹಿಂಡಿದ ಹಾಲನ್ನು ಕೊಪ್ಪರಿಗೆಗೆ ಸುರಿದು, ಒಣಗಿದ ರಚ್ಚನ್ನೇ ಒಲೆಗೆ ಉರಿಯಿಟ್ಟು, ಸುಣ್ಣದ ತಿಳಿಯನ್ನೂ ಬೆಂಡೆಗಿಡದ ಲೋಳೆಯನ್ನೂ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆಯುತ್ತ, ಪಾಕದ ಹದವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಅಳೆಯುವ ಮನುಷ್ಯನ ವಿದ್ಯೆ ಯಾವ ಗ್ರಂಥದಲ್ಲಿಯೂ ಬರೆಯಲ್ಪಟ್ಟಿಲ್ಲ. ಹದ ಮುಂಚಿದರೆ ಬೆಲ್ಲ ಗಟ್ಟಿಯಾಗದು, ಮೀರಿದರೆ ಕಪ್ಪಾಗುವುದು. ಹೀಗೆ ಅಚ್ಚಿನಲ್ಲಿ, ಬಕೆಟಿನಲ್ಲಿ ರೂಪುಗೊಂಡ ಬೆಲ್ಲವು ಮಂಡಿಗೆ ಬಂದೊಡನೆ, ವರ್ತಕನು ಒಂದು ಚೂರನ್ನು ಮುರಿದು, ಬಣ್ಣ ನೋಡಿ, ನಾಲಿಗೆಗಿಟ್ಟು, ಬೆಲೆ ಕೂಗಿ, ಗುಜರಾತಿನವರೆಗೂ ಲಾರಿಯೇರಿಸುತ್ತಿದ್ದನು. ಬಣ್ಣಕ್ಕೆ ಮರುಳಾದ ಕೊಳ್ಳುಗರಿಗಾಗಿ ಹೈಡ್ರೋಸ್ ಎಂಬ ರಾಸಾಯನಿಕವನ್ನು ಸುರಿಯುವುದೂ, ತೂಕಕ್ಕಾಗಿ ಸಕ್ಕರೆ ಬೆರಸುವುದೂ ಬಂದ ಮೇಲೆ ಬೆಲ್ಲದ ಕೀರ್ತಿಗೆ ಕಳಂಕ ತಗುಲಿತು. ಅನೇಕ ಆಲೆಮನೆಗಳು ಮುಚ್ಚಿದುವು. ಉಳಿದವುಗಳ ಕೊಪ್ಪರಿಗೆಯ ಮುಂದೆ ಇಂದು ಉತ್ತರ ಹಿಂದೂಸ್ಥಾನದಿಂದ ಬಂದ ಕೂಲಿಕಾರರು ನಿಂತಿರುವುದೂ ಉಂಟು.

ಮದ್ದೂರಿನ ಕಥೆ ಬೇರೆ. ಅದು ನಾಲೆಗಿಂತ ಹೆಚ್ಚಾಗಿ ರಸ್ತೆಯ ಊರು: ಶಿಂಷೆಯ ಮೇಲೆ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕಟ್ಟಿದ ಇಟ್ಟಿಗೆಯ ಕಮಾನುಸೇತುವೆ, 1880ರ ದಶಕದಲ್ಲಿ ಬಂದ ರೈಲು, ರೈಲಿನವರ ಹಸಿವಿಗಾಗಿ ಹುಟ್ಟಿ ಊರಿನ ಹೆಸರನ್ನೇ ಹೊತ್ತ ವಡೆ, ಹೆದ್ದಾರಿಯ ಮಗ್ಗುಲಲ್ಲಿ ಬೆಳೆದ ಎಳನೀರಿನ ಮಾರುಕಟ್ಟೆ. ಮಳವಳ್ಳಿಯಾದರೋ ಟಿಪ್ಪುವಿಗೆ ಹೈದರನು ಜಹಗೀರಾಗಿ ಕೊಟ್ಟಿದ್ದ ಊರು. 1799ರ ಮಾರ್ಚಿಯ ಯುದ್ಧದಲ್ಲಿ ನೊಂದು, ರೇಷ್ಮೆ ಮತ್ತು ಸಂತೆಗಳಿಂದ ನಿಧಾನವಾಗಿ ಚೇತರಿಸಿಕೊಂಡದ್ದು. ಇವೆರಡೂ ತಾಲ್ಲೂಕುಗಳ ಬಹಳ ಹಳ್ಳಿಗಳು ನಾಲೆಯ ಕೊನೆಭಾಗದಲ್ಲಿರುವುದರಿಂದ ಮಂಡ್ಯದ ರೈತನು ತೂಬು ಎತ್ತಿದ ಮೇಲೆ ಉಳಿದುದೇ ಇವರ ಪಾಲು.

ಈಗ ಈ ಪೇಟೆಗಳನ್ನು ಹೊಸದಾಗಿಸುವ ಮಾತು ನಡೆದಿದೆ. ರಸ್ತೆ ಅಗಲವಾಗಬೇಕು, ಚರಂಡಿ ಮುಚ್ಚಬೇಕು, ಮಂಡಿ ವಿಸ್ತಾರವಾಗಬೇಕು, ನಾಲೆಗೆ ಕಾಂಕ್ರೀಟು ಹೊದಿಸಬೇಕು, ಏರಿಗೆ ತಡೆಗೋಡೆ ಕಟ್ಟಬೇಕು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ ಮೂವತ್ತು ಜನ ಮಡಿದುದನ್ನು ನೆನೆದರೆ ತಡೆಗೋಡೆಯನ್ನು ಬೇಡವೆನ್ನುವ ನಾಲಿಗೆ ಯಾರಿಗೂ ಇರಲಾರದು. ನೀರು ಸೋರದೆ ಕೊನೆಭಾಗವನ್ನು ಮುಟ್ಟಬೇಕಾದರೆ ಕಾಂಕ್ರೀಟೂ ಬೇಕು. ನನ್ನ ಆಕ್ಷೇಪವಿರುವುದು ಹೊಸದರ ಮೇಲಲ್ಲ. ಯಾವುದು ಪರಂಪರೆಯೆಂದು ನಿರ್ಣಯಿಸುವ ನಮ್ಮ ಅಳತೆಯ ಮೇಲೆ. ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಶಾಸನವು ನೂರು ವರ್ಷವಾದ ವಸ್ತುವನ್ನು ಮಾತ್ರ ಸ್ಮಾರಕವೆಂದು ಎಣಿಸುತ್ತದೆ. ಹಾಗಾದರೆ ಹುಲಿಕೆರೆಯ ಸುರಂಗ, ನಾಲೆಯ ಮೇಲಿನ ಕಲ್ಲಿನ ತೂಬುಮನೆಗಳು, ಸಕ್ಕರೆ ಕಾರ್ಖಾನೆಯ ಹಳೆಯ ಕಟ್ಟಡಗಳು, ಇವೆಲ್ಲ ನೂರು ತುಂಬುವುದಕ್ಕೆ ಕೆಲವೇ ವರ್ಷ ಮುಂಚೆ ಅಭಿವೃದ್ಧಿಯ ಕೈಗೆ ಸಿಕ್ಕಿ ಅಳಿಯಬಹುದು. 1938ರ ಧ್ವಜ ಸತ್ಯಾಗ್ರಹಕ್ಕಾಗಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸೌಧವನ್ನು ಕಟ್ಟಿದ ಜನರಿಗೆ, ಅದೇ ದಶಕದ ತೂಬೊಂದೂ ಚರಿತ್ರೆಯೆಂದು ಹೇಳಿದರೆ ನಗು ಬರುವುದು ಸಹಜ.

ಮೈಸೂರಿನ ದೃಷ್ಟಾಂತವು ಇಲ್ಲಿ ಉಪಯುಕ್ತವಾದುದು. ಕಾವೇರಿಯನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸಿ ಕೈಬಿಟ್ಟ ನಾಲೆಯನ್ನು ಮುಂದೆ ಹೂಳಿ ಅದರ ಮೇಲೆಯೇ ಸಯ್ಯಾಜಿರಾವ್ ರಸ್ತೆಯನ್ನು ಹಾಕಿದರು. ಅದರ ಅಂಚಿನಲ್ಲಿ ದೇವರಾಜ ಮಾರುಕಟ್ಟೆ ನಿಂತಿತು. 2016ರಲ್ಲಿ ಆ ಮಾರುಕಟ್ಟೆಯ ಒಂದು ಭಾಗ ಕುಸಿದು, ಕೆಡಹಬೇಕೋ ದುರಸ್ತಿ ಮಾಡಬೇಕೋ ಎಂಬ ವಿವಾದವು ನ್ಯಾಯಾಲಯದ ಮೆಟ್ಟಿಲೇರಿತು. ಆ ವಾದದಲ್ಲಿ ಎಲ್ಲರೂ ಗೋಡೆಯನ್ನು ಕುರಿತು ಮಾತಾಡಿದರು. ವೀಳೆಯದೆಲೆಯವನೂ ಹೂವಿನವಳೂ ಎಷ್ಟು ಬಾಡಿಗೆಗೆ ಎಲ್ಲಿ ಕುಳಿತಾರೆಂಬುದನ್ನು ಕುರಿತು ಆಡಿದವರು ಕಡಿಮೆ.

ಮಂಡ್ಯದಲ್ಲಿ ಈ ಕ್ರಮವು ತಿರುಗುಮುರುಗಾಗಬೇಕು. ಮೊದಲು ವ್ಯವಹಾರ, ಬಳಿಕ ಕಟ್ಟಡ. ಮಂಡಿಯನ್ನು ಊರಾಚೆಗೆ ಸಾಗಿಸಿ ಹಳೆಯ ಜಾಗದಲ್ಲಿ ಅಂಗಡಿಸಾಲನ್ನು ಎಬ್ಬಿಸುವುದು ಸುಲಭ. ಆದರೆ ಬೆಲ್ಲವು ಬಾರದ ಬೆಲ್ಲದ ಪೇಟೆಗೆ ಬಣ್ಣ ಬಳಿದು ಫಲವೇನು? ಕೆಲಕಾಲ ಸ್ತಬ್ಧವಾಗಿದ್ದ ಮೈಸೂರು ಸಕ್ಕರೆ ಕಂಪೆನಿ, ಅಂದರೆ ಜನರ ಮೈಶುಗರ್, 2022ರಲ್ಲಿ ಸರಕಾರದ ಕೈಯಲ್ಲಿಯೇ ಮತ್ತೆ ಕಬ್ಬು ಅರೆಯತೊಡಗಿದುದು, ಖಾಸಗಿಯವರಿಗೆ ಕೊಡಬಾರದೆಂದು ರೈತರು ಹಟ ಹಿಡಿದುದರಿಂದ. ಯಾವ ಪುರಾತತ್ತ್ವಜ್ಞನೂ ಆ ಯಂತ್ರಗಳನ್ನು ಇಷ್ಟು ಚೆನ್ನಾಗಿ ಕಾಪಾಡಲಾರನು. ಮದ್ದೂರಿಗೆ ಇಂಥ ಅವಕಾಶವು ದೊರೆಯಲಿಲ್ಲ. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ದಶಪಥವು ಊರನ್ನು ಬಳಸಿಹೋದ ಮೇಲೆ, ದಾರಿಹೋಕರನ್ನೇ ನಂಬಿದ್ದ ಹೋಟೆಲು, ಎಳನೀರಂಗಡಿ, ಬೊಂಬೆಯಂಗಡಿಗಳು ಗಿರಾಕಿಯನ್ನು ಕಳೆದುಕೊಂಡವು. ಅವರಲ್ಲಿ ಶಕ್ತರಾದವರು ಸರ್ವಿಸ್ ರಸ್ತೆಯ ಬದಿಗೆ ಸರಿದಿದ್ದಾರೆ. ಉಳಿದವರು ಹಳೆಯ ರಸ್ತೆಯಲ್ಲಿಯೇ, ಸ್ಥಳೀಯರ ವ್ಯಾಪಾರವನ್ನು ನೆಚ್ಚಿ, ಬಾಡಿಗೆ ಇಳಿಸಿರೆಂದು ಮಾಲೀಕರನ್ನು ಕೇಳುತ್ತಿದ್ದಾರೆ.