ಟೈಫೂನ್ ಲೆಕ್ಕ ಬರೆದಿಟ್ಟವರು

ವಾಯುಭಾರ ಕುಸಿತದ ಸುದ್ದಿ ಹಾಕಿದಾಗ ಒಬ್ಬರು ಕೇಳಿದ್ರು, "ಅಣ್ಣ, ಇಂಥ ಗಾಳಿ ಹಿಂದೆ ಇರಲಿಲ್ವಾ?" ಅಂತ. ಇತ್ತು, ಬರೆದಿಟ್ಟವರು ಕಡಿಮೆ. ನಾವು ಸೈಕ್ಲೋನ್ ಅನ್ನೋದನ್ನೇ ಚೀನಾ, ಜಪಾನ್, ಫಿಲಿಪ್ಪೀನ್ಸ್ ಕಡೆ ಟೈಫೂನ್ ಅಂತಾರೆ. ಅಲ್ಲಿ 19ನೇ ಶತಮಾನದಲ್ಲಿ ಅದರ ಲೆಕ್ಕ ಹೇಗೆ ಇಟ್ಟರು ಅಂತ ಓದಿದ್ದನ್ನ ಬರೀತಾ ಇದೀನಿ.

ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ನಮ್ಮ ತಾಲ್ಲೂಕಿನಂಥ ಪ್ರತಿ ಸೀಮೆಗೂ ಒಂದು ವೃತ್ತಾಂತದ ಪುಸ್ತಕ ಇರ್ತಿತ್ತು. ಬರ, ನೆರೆ, ಬಿರುಗಾಳಿ ಎಲ್ಲಾ ಅದರಲ್ಲೇ. ಗಾಳಿ ಮೊದಲು ಒಂದು ದಿಕ್ಕಿಂದ ಬೀಸಿ ಆಮೇಲೆ ಎದುರು ದಿಕ್ಕಿಂದ ಹೊಡೀತು ಅಂತ ಬರೆದಿದ್ರೆ ಅದು ಟೈಫೂನ್ ಅನ್ನೋದಕ್ಕೆ ಒಳ್ಳೇ ಗುರುತು. ಸುತ್ತೋ ಗಾಳಿ ಅಲ್ವಾ, ನಡುವಿನ ಕಣ್ಣು ದಾಟಿದ ಮೇಲೆ ತಿರುಗಿ ಬೀಸುತ್ತೆ. ಈ ಪುಸ್ತಕಗಳಿಂದ ಸಂಶೋಧಕರು 975ರಿಂದ 1909ರವರೆಗೆ 571 ಟೈಫೂನ್ ಎಣಿಸಿದ್ದಾರೆ. 1850ರಿಂದ 1880 ತುಂಬಾ ಹೆಚ್ಚು ಹೊಡೆದ ಕಾಲಗಳಲ್ಲಿ ಒಂದು. ಆ ಕಾಲದಲ್ಲೇ, 1874ರ ಸೆಪ್ಟೆಂಬರಿನ ಒಂದೇ ರಾತ್ರಿ ಹಾಂಗ್‌ಕಾಂಗಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಜಪಾನಿನಲ್ಲಿ 1828ರ ಸೆಪ್ಟೆಂಬರಿನದ್ದು ಇನ್ನೂ ದೊಡ್ಡದು. ಸಾಗಾ ಸಂಸ್ಥಾನ ಒಂದರಲ್ಲೇ ಸತ್ತವರು ಸಾವಿರಾರು. ನಮ್ಮ ಹಿರಿಯರು ಧಾತು-ಈಶ್ವರ ಬರ ಅಂತಿದ್ರಲ್ಲ, ಹಾಗೆ ಅವರು ಅದನ್ನ "ಇಲಿ ವರ್ಷದ ದೊಡ್ಡ ಗಾಳಿ" ಅಂದರು. ಈಗ ಅದಕ್ಕೆ ಸೀಬೋಲ್ಡ್ ಟೈಫೂನ್ ಅಂತ ಹೆಸರು. ನಾಗಸಾಕಿಯ ಡಚ್ಚರ ಕೋಠಿಯಲ್ಲಿ ಆಗ ಆ ಹೆಸರಿನ ಜರ್ಮನ್ ಡಾಕ್ಟರ್ ಇದ್ದ, ಗಾಳಿಯ ಒತ್ತಡ ಅಳೆದು ಬರೆದಿಟ್ಟ. ಸತ್ತವರು ಆ ಊರಿನವರು, ಹೆಸರು ಮಾತ್ರ ಬರೆದವನದ್ದು. ನನಗೆ ಇದು ಯಾಕೋ ಸರಿ ಕಾಣಲ್ಲ.

ನಾನು ಹೇಳಬೇಕು ಅಂದುಕೊಂಡಿದ್ದು ಮನಿಲಾದ ಕಥೆ. 1865ರಲ್ಲಿ ಅಲ್ಲಿನ ಜೆಸ್ವಿಟ್ ಪಾದ್ರಿಗಳ ಶಾಲೆಯಲ್ಲಿ ಟೈಫೂನ್ ಹೊತ್ತಿನ ಬ್ಯಾರೋಮೀಟರ್ ಅಳತೆಗಳನ್ನ ಬರೆದು ಪೇಪರಿನಲ್ಲಿ ಹಾಕಿಸಿದ್ರು. ಅದನ್ನ ನೋಡಿದ ವ್ಯಾಪಾರಿಗಳು, ಇದನ್ನ ದಿನಾ ಮಾಡಿ, ಯಂತ್ರಕ್ಕೆ ನಾವು ದುಡ್ಡು ಕೊಡ್ತೀವಿ ಅಂದ್ರು. ಹಡಗು ಮುಳುಗಿದ್ರೆ ನಷ್ಟ ಅವರದ್ದೇ ತಾನೆ. ಫೌರಾ ಅನ್ನೋ ಪಾದ್ರಿ ಹದಿಮೂರು ವರ್ಷ ಪಾದರಸದ ಏರಿಳಿತ, ಗಾಳಿ, ಮೋಡ ಬರೆದುಕೊಂಡೇ ಇದ್ದ. 1879ರ ಜುಲೈ 7ರಂದು, ಉತ್ತರದ ಕಡೆ ಟೈಫೂನ್ ದಾಟ್ತಾ ಇದೆ ಅಂತ ಮೊದಲ ಎಚ್ಚರಿಕೆ ಕೊಟ್ಟ. ಅದೇ ನವೆಂಬರಿನಲ್ಲಿ ಎರಡು ದಿನ ಮುಂಚೆ, ಈ ಸಲ ಮನಿಲಾಕ್ಕೇ ಬರುತ್ತೆ ಅಂದ. ಬಂದರಿನವರು ನಂಬಿ ಹಡಗು ಕಟ್ಟಿ ಹಾಕಿದ್ರು, ಉಳಕೊಂಡ್ರು. ಸುದ್ದಿ ಮುಟ್ಟದ ಬೇರೆ ಬಂದರುಗಳಲ್ಲಿ ಹಡಗು ಒಡೆದವು, ಜನ ಸತ್ತರು.

ಮುಂದಿನ ವರ್ಷವೇ ಹಾಂಗ್‌ಕಾಂಗಿಗೆ ಸಮುದ್ರದಡಿ ತಂತಿ ಬಂತು. ಟೈಫೂನು ಸಾಮಾನ್ಯವಾಗಿ ಪೂರ್ವದಿಂದ ಹೊರಟು ಮೊದಲು ಫಿಲಿಪ್ಪೀನ್ಸಿಗೆ, ಆಮೇಲೆ ಚೀನಾ ಕರಾವಳಿಗೆ ಹೋಗುತ್ತೆ. ಮನಿಲಾದಿಂದ ಒಂದು ತಂತಿ ಹೋದ್ರೆ ಅಲ್ಲಿಯವರಿಗೆ ಒಂದೆರಡು ದಿನ ಸಿಕ್ಕಿದ ಹಾಗೆ.

ಹಾಂಗ್‌ಕಾಂಗಿನಲ್ಲಿ 1883ರಲ್ಲಿ ಸರ್ಕಾರಿ ವೀಕ್ಷಣಾಲಯ ಆಯ್ತು. ಅದರ ಮುಖ್ಯಸ್ಥ ಡೋಬರ್ಕ್‌ಗೆ ಮನಿಲಾದವರ ಎಚ್ಚರಿಕೆ ಹಿಡಿಸಲಿಲ್ಲ. ಮನಿಲಾ ಅಮೆರಿಕದ ಕೈಗೆ ಹೋದ ಮೇಲೆ ಅಮೆರಿಕದವರಿಗೆ ದೂರು ಬರೆದು, 1899ರಲ್ಲಿ ಆ ತಂತಿಗಳನ್ನೇ ನಿಲ್ಲಿಸಿಬಿಟ್ಟ. ಎರಡು ಕಛೇರಿ ಜಗಳದಲ್ಲಿ ಸಾಯೋದು ದೋಣಿಯವನು. ಹಾಂಗ್‌ಕಾಂಗಿನ ವ್ಯಾಪಾರಿಗಳು, ಪೇಪರಿನವರು ಗಲಾಟೆ ಮಾಡಿದ ಮೇಲೆ ಆ ಆಜ್ಞೆ ವಾಪಸ್ ತಗೊಂಡ್ರು, ತಂತಿ ಮತ್ತೆ ಶುರು ಆಯ್ತು.

1945ರ ಯುದ್ಧದಲ್ಲಿ ಮನಿಲಾ ವೀಕ್ಷಣಾಲಯ ಯಂತ್ರ, ಕಾಗದ ಪತ್ರದ ಸಮೇತ ಸುಟ್ಟುಹೋಯ್ತು. ಆದ್ರೆ ಅವರು ವರ್ಷಾನುಗಟ್ಟಲೆ ಅಚ್ಚು ಹಾಕಿಸಿ ಬೇರೆ ದೇಶಗಳಿಗೆ ಕಳಿಸಿದ ವರದಿಗಳು ಅಲ್ಲಲ್ಲಿ ಗ್ರಂಥಾಲಯಗಳಲ್ಲಿ ಉಳಕೊಂಡಿದ್ದವು. ಈಗ ಹಳೇ ಟೈಫೂನ್ ಹುಡುಕೋರು ಅವನ್ನೂ ತೆಗೆದು ನೋಡ್ತಾರೆ.