ದಾರಿಹೋಕನಿಗೆ ಅಭಯ

ನಾನಿರುವ ಲಗ್ಗೆರೆಯ ಸಮೀಪದಲ್ಲೇ, ಪೀಣ್ಯದ ಕಾರ್ಖಾನೆಗಳ ನಡುವೆ, ತುಮಕೂರು ಹೆದ್ದಾರಿ ಸಾಗುತ್ತದೆ. ಗಾಯಾಳುವನ್ನು ಕಂಡೂ ಹಿಂಜರಿಯುವವರನ್ನು ನಾನು ನಿರ್ದಯರೆನ್ನಲಾರೆ. ಪೊಲೀಸು ಠಾಣೆಗೂ ಕೋರ್ಟಿಗೂ ಅಲೆಯಬೇಕಾದೀತೆಂಬ ಅಂಜಿಕೆಯೇ ಅವರ ಕೈಕಟ್ಟುತ್ತಿತ್ತು.

ಆಸ್ಪತ್ರೆಗಳಲ್ಲೂ ಈ ಅಂಜಿಕೆಯಿತ್ತು. ಪೊಲೀಸು ಪ್ರಕರಣವೆಂದು ಗಾಯಾಳುವನ್ನು ಬೇರೆಡೆಗೆ ಕಳುಹುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ, ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ, ಸಾರಿತು. 2008ರ ನವೆಂಬರಿನಲ್ಲಿ ಕರ್ನಾಟಕಕ್ಕೆ ‘ಆರೋಗ್ಯ ಕವಚ’ದ 108 ಆಂಬ್ಯುಲೆನ್ಸುಗಳು ಬಂದವು. ಆದರೂ ವಾಹನ ತಲುಪುವ ಮುನ್ನಿನ ಗಳಿಗೆ ದಾರಿಹೋಕನ ಪಾಲಿಗೇ ಉಳಿಯಿತು.

2016ರ ಫೆಬ್ರವರಿಯಲ್ಲಿ ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ, ಲಾರಿಗೆ ಸಿಕ್ಕ ತರುಣನೊಬ್ಬ ತನ್ನ ಅಂಗಾಂಗಗಳನ್ನು ದಾನಮಾಡಿರೆಂದು ನೆರೆದವರನ್ನು ಬೇಡಿದ. ಅವನು ಉಳಿಯಲಿಲ್ಲ; ಕಣ್ಣುಗಳು ದಾನವಾದವು. ಮರುತಿಂಗಳೇ ಸರ್ಕಾರ ಅವನ ಹೆಸರಿನಲ್ಲಿ ‘ಸಾಂತ್ವನ’ ಯೋಜನೆಯನ್ನು ತಂದಿತು: ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ, ಉಚಿತ ಚಿಕಿತ್ಸೆ. ನೆರವಾದವರನ್ನು ರಕ್ಷಿಸುವ ರಾಜ್ಯದ ಮಸೂದೆಯೂ ಆ ವರ್ಷದ್ದೇ. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯಿದೆಗೂ ಅಂಥದೇ ರಕ್ಷಣೆ ಸೇರಿತು.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರು ಹೇಳಲೇಬೇಕೆಂಬ ಬಲವಂತ ಇಂದಿಲ್ಲ. ಕರುಣೆಯನ್ನು ಯಾವ ಶಾಸನವೂ ಹುಟ್ಟಿಸಲಾರದು, ನಿಜ. ಆದರೆ ಕರುಣೆಯುಳ್ಳವನ ಭಯವನ್ನು ಅದು ಕಳೆಯಬಲ್ಲದು. ಅದಕ್ಕಾಗಿ ಆ ಶಾಸನವಿದೆಯೆಂಬ ಸಂಗತಿ ದಾರಿಯಲ್ಲಿ ನಡೆಯುವವನಿಗೆ ಮೊದಲೇ ತಿಳಿದಿರಬೇಕು.