ಒಂದೇ ಸಂಚಿಕೆ, ಎರಡು ವರದಿ

2017ರ ಮಾರ್ಚ್. ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'. ಅದರ ಒಂದೇ ಸಂಚಿಕೆಯಲ್ಲಿ ಎರಡು ವರದಿ ಬಂದವು. ಎರಡರ ವಿಷಯವೂ ಒಂದೇ: ಹಾಳಾದ ರೆಟಿನಾಗೆ ಸ್ಟೆಮ್ ಸೆಲ್ ಚಿಕಿತ್ಸೆ. ಎರಡೂ ಕಡೆ ಚಿಕಿತ್ಸೆ ಪಡೆದವರು ವಯಸ್ಸಾದ ಹೆಣ್ಣುಮಕ್ಕಳು. ಆದ್ರೆ ಆಗಿದ್ದೇನು? ನೋಡಿ.

ಮೊದಲನೆಯದು ಜಪಾನಿನದು. ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಸಾಮಾನ್ಯ ಕೋಶಗಳನ್ನ ಸ್ಟೆಮ್ ಸೆಲ್‌ಗಳಂತೆ ಬದಲಾಯಿಸಿ ತೋರಿಸಿದ್ರು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಅದು ಸಾಧ್ಯವಾಯ್ತು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವಿದ್ಯೆಯನ್ನ ಕಣ್ಣಿಗೆ ತಂದವರು ಕೋಬೆ ನಗರದ ರಿಕೆನ್ ಸಂಸ್ಥೆಯಲ್ಲಿದ್ದ ನೇತ್ರವೈದ್ಯೆ ಮಸಾಯೋ ತಕಹಾಶಿ.

ಅವರ ಮೊದಲ ರೋಗಿ, ಎಪ್ಪತ್ತು ದಾಟಿದ ಮಹಿಳೆ. ವಯಸ್ಸಾದಂತೆ ರೆಟಿನಾದ ನಡುಭಾಗ ಕೆಡುವ ಕಾಯಿಲೆ. ಎದುರಿಗಿದ್ದವರ ಮುಖ ಕಾಣೋದೇ ಈ ಭಾಗದಿಂದ. ಬೆಳಕು ಹಿಡಿಯುವ ಕೋಶಗಳನ್ನ ಪೋಷಿಸೋಕೆ ಅವುಗಳ ಹಿಂದೆ ಒಂದು ತೆಳು ಪದರ ಇರುತ್ತೆ. ಆಕೆಯ ಚರ್ಮದಿಂದಲೇ ಕೋಶ ತೆಗೆದು, ತಿಂಗಳುಗಟ್ಟಲೆ ಬೆಳೆಸಿ, ಗಡ್ಡೆಯಾಗುತ್ತಾ ಅಂತ ಇಲಿಗಳಲ್ಲಿ ಪರೀಕ್ಷಿಸಿ, ಆ ಪದರದ 1.3 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಉದ್ದದ ತುಣುಕೊಂದನ್ನ ತಯಾರಿಸಿದ್ರು. 2014ರ ಸೆಪ್ಟೆಂಬರ್ 12ರಂದು ಒಂದೇ ಕಣ್ಣಿಗೆ ಕಸಿ ಮಾಡಿದ್ರು. ವರ್ಷದ ನಂತರದ ಫಲಿತಾಂಶ? ಕಸಿ ಉಳಿದಿತ್ತು. ದೃಷ್ಟಿ ಸುಧಾರಿಸಲಿಲ್ಲ, ಕೆಡಲೂ ಇಲ್ಲ. ಎರಡನೇ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡಾಗ ತಂಡ ಕಸಿಯನ್ನೇ ನಿಲ್ಲಿಸಿತು.

ಎರಡನೆಯದು ಫ್ಲೋರಿಡಾದ ಕ್ಲಿನಿಕ್ ಒಂದರದು. 2015ರಲ್ಲಿ ಇದೇ ಕಾಯಿಲೆಯ ಮೂವರು ಮಹಿಳೆಯರು, 72ರಿಂದ 88 ವಯಸ್ಸಿನವರು, ತಲಾ 5,000 ಡಾಲರ್ ಕೊಟ್ಟರು. ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನ ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿದ್ರು. ಸಂಶೋಧನೆ ನಡೀತಿದೆ ಅಂತಲೇ ನಂಬಿ ಬಂದವರೂ ಅವರಲ್ಲಿದ್ದರು. ಕೆಲವೇ ದಿನಗಳಲ್ಲಿ ರಕ್ತಸ್ರಾವ ಆಯ್ತು, ರೆಟಿನಾ ಕಳಚಿತು. ಅಷ್ಟಿಷ್ಟು ಕಾಣ್ತಿದ್ದ ಕಣ್ಣುಗಳೂ ಹೋದವು.

ನಾನು ಎಂಜಿನಿಯರಿಂಗ್ ಓದಿದವನು. ಹೊಸದನ್ನ ಪರೀಕ್ಷಿಸುವಾಗ ಬ್ಯಾಕಪ್ ಮುಟ್ಟಬಾರದು ಅನ್ನೋದು ನಮಗೆ ಮೊದಲ ಪಾಠ. ಕೋಬೆಯಲ್ಲಿ ಇನ್ನೊಂದು ಕಣ್ಣನ್ನ ಮುಟ್ಟಲಿಲ್ಲ. ಫ್ಲೋರಿಡಾದಲ್ಲಿ ಎರಡಕ್ಕೂ ಕೈ ಹಾಕಿದ್ರು.

ವೀಕ್ಷಕರೇ, ಇದು ದೂರದ ಕಥೆ ಅನ್ಕೋಬೇಡಿ. 'ಸ್ಟೆಮ್ ಸೆಲ್‌ನಿಂದ ದೃಷ್ಟಿ ವಾಪಸ್' ಅನ್ನೋ ಜಾಹೀರಾತು ನಿಮ್ಮ ಫೋನಿಗೂ ಬರಬಹುದು. ನಮ್ಮ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದದ್ದು ಪ್ರಯೋಗ. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತಗೊಳ್ಳಂಗಿಲ್ಲ.

ಹಾಗಾಗಿ ಅಜ್ಜಿಯನ್ನ ಕರ್ಕೊಂಡು ಹೋಗೋ ಮುಂಚೆ ಎರಡು ಪ್ರಶ್ನೆ ಕೇಳಿ. ಇದಕ್ಕೆ ದುಡ್ಡು ಕೊಡಬೇಕಾ? ಎರಡೂ ಕಣ್ಣಿಗೆ ಒಂದೇ ದಿನ ಮಾಡ್ತೀರಾ? ಎರಡರಲ್ಲಿ ಒಂದಕ್ಕೆ 'ಹೌದು' ಅಂದ್ರೂ, ಎದ್ದು ಬನ್ನಿ.